ಮೆಟ್ಟಿಲಕ್ಕ ಉಳಿಸಿದ ಇನ್ನೂರು ಜನ

ಕಡಲ ದಂಡೆಯ ಆ ದೀಪಸ್ತಂಭಕ್ಕೆ ನೂರ ಅರವತ್ತೇಳು ಮೆಟ್ಟಿಲು. ಆದರೆ ಹತ್ತಿದವರಲ್ಲಿ ಒಬ್ಬರ ಎಣಿಕೆ ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ. ಗಂಡ ನೂರ ಅರವತ್ತೈದು ಅನ್ನುತ್ತಾನೆ, ಹೆಂಡತಿ ನೂರ ಎಪ್ಪತ್ತು ಅನ್ನುತ್ತಾಳೆ. ಇಬ್ಬರೂ ಕೆಳಗಿಳಿದು, ಟಿಕೆಟ್ ಕಿಟಕಿಯ ಪಕ್ಕ ನಿಂತ ಹೆಂಗಸಿನ ಹತ್ತಿರ ನ್ಯಾಯಕ್ಕೆ ಬರುತ್ತಾರೆ. ಅವಳು ಇಬ್ಬರ ಮುಖವನ್ನೂ ನೋಡಿ, ಯಾರಿಗೆ ಹೆಚ್ಚು ಸುಸ್ತಾಗಿದೆಯೋ ಅವರದೇ ಸರಿ ಎಂದು ತೀರ್ಪು ಕೊಟ್ಟು ಕಳಿಸುತ್ತಾಳೆ. ಅವಳೇ ಮೆಟ್ಟಿಲಕ್ಕ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದನ್ನು ಈಗ ರೇಷನ್ ಕಾರ್ಡು ಬಿಟ್ಟರೆ ಯಾರೂ ಬಳಸುವುದಿಲ್ಲ.

ಮೆಟ್ಟಿಲಕ್ಕನಿಗೂ ಆ ಸ್ತಂಭಕ್ಕೂ ನಂಟು ಬೆಳೆದದ್ದು ಎರಡು ಸಲ. ಮೊದಲನೇ ಸಲ ಅವಳು ಅಲ್ಲಿಗೆ ಸೊಸೆಯಾಗಿ ಬಂದಳು. ಅವಳ ಮಾವ ದೀಪ ನೋಡಿಕೊಳ್ಳುವ ಕೆಲಸದಲ್ಲಿದ್ದರು, ಸ್ತಂಭದ ಬುಡದಲ್ಲೇ ಎರಡು ಕೋಣೆಯ ಸರಕಾರಿ ಮನೆ. ಅವಳು ಬಂದ ಎರಡೇ ವರ್ಷಕ್ಕೆ ಮಾವ ನಿವೃತ್ತರಾದರು. ಅದೇ ಹೊತ್ತಿಗೆ ಗುಡ್ಡದ ಮೇಲೆ ಕಬ್ಬಿಣದ ಕಂಬವೊಂದು ಎದ್ದು, ಅದರ ತುದಿಯಲ್ಲಿ ತಾನಾಗಿ ಹೊತ್ತಿ ತಾನಾಗಿ ಆರುವ ದೀಪ ಕೂತಿತು. ಹಳೇ ಸ್ತಂಭಕ್ಕೆ ಬೀಗ ಬಿತ್ತು. ಸಂಸಾರವೆಲ್ಲ ಗಂಡನ ಟೈಲರ್ ಅಂಗಡಿಯ ಹಿಂದಿನ ಬಾಡಿಗೆ ಮನೆಗೆ ಬಂತು. ಮನೆ ಬದಲಾಯಿಸುವ ಗಲಾಟೆಯಲ್ಲಿ ಅತ್ತೆಯ ನೀಲಿ ಬಣ್ಣದ ಕೆಟಲು ಕಾಣೆಯಾಯಿತು. ಸೊಸೆಯೇ ಎಲ್ಲೋ ಬಿಟ್ಟು ಬಂದಳು ಎಂದು ಅತ್ತೆ ಅಂದು ಹೇಳಿದವರು, ಆಮೇಲೆ ಇಪ್ಪತ್ತೇಳು ವರ್ಷ ಚಹಾ ಮಾಡುವಾಗಲೆಲ್ಲ ಹೇಳಿದರು. ದಿನಕ್ಕೆ ಎರಡು ಸಲ ಚಹಾ.

ಎರಡನೇ ಸಲ ಅವಳು ಹೋದದ್ದು ಕಸ ಗುಡಿಸಲು. ಬೀಗ ಬಿದ್ದಿದ್ದ ಸ್ತಂಭಕ್ಕೆ ಯಾರೋ ದೊಡ್ಡವರ ಕಣ್ಣು ಬಿದ್ದು, ಸುಣ್ಣ ಬಳಿದು, ಹಿತ್ತಾಳೆ ಉಜ್ಜಿ, ಬಾಗಿಲಲ್ಲಿ ಟಿಕೆಟ್ ಕಿಟಕಿ ಕೂರಿಸಿ, ಪ್ರವಾಸಿಗರಿಗೆ ತೆರೆದಿದ್ದರು. ಬುಡದ ಮನೆ ವಸ್ತುಸಂಗ್ರಹಾಲಯವಾಯಿತು. ಮಾವನ ಟೋಪಿ, ದುರ್ಬೀನು, ದಿನಚರಿ ಪುಸ್ತಕಗಳು ಗಾಜಿನ ಪೆಟ್ಟಿಗೆಯೊಳಗೆ ಹೋದವು, ಅಡಿಗೆಕೋಣೆಗೆ ಅಡ್ಡಲಾಗಿ ಕೆಂಪು ಹಗ್ಗ ಬಿತ್ತು. ಮೊದಲ ದಿನವೇ ಪೊರಕೆ ಹಿಡಿದು ಹಗ್ಗ ದಾಟಿ ಒಳಗೆ ಹೋದ ಮೆಟ್ಟಿಲಕ್ಕನಿಗೆ ಒಲೆಯ ಮೇಲೆ ಕಂಡದ್ದು ಅದೇ ನೀಲಿ ಕೆಟಲು. ಅಟ್ಟದಲ್ಲಿ ಸಿಕ್ಕಿತಂತೆ. ಅಟ್ಟಕ್ಕೆ ಏಣಿ ಹಾಕಿ ಸಾಮಾನು ಇಳಿಸಿದವರು ಅತ್ತೆಯೇ, ಸೊಸೆಯನ್ನು ಆ ಕಡೆ ಬಿಟ್ಟಿರಲೇ ಇಲ್ಲ. ಅವಳು ಕೆಟಲನ್ನು ಚೆನ್ನಾಗಿ ಒರೆಸಿ ಇದ್ದಲ್ಲೇ ಇಟ್ಟಳು. ಮನೆಗೆ ಬಂದು ತುಟಿ ಪಿಟಕ್ಕೆನ್ನಲಿಲ್ಲ. ಹೇಳಿದರೆ ಒಂದೇ ದಿನದ ಖುಷಿ. ಹೇಳದೆ ಇಟ್ಟುಕೊಂಡರೆ, ಅತ್ತೆ ಕೆಟಲಿನ ಮಾತೆತ್ತಿದಾಗಲೆಲ್ಲ ಒಳಗೊಳಗೇ ನಗಬಹುದಲ್ಲ. ಹಾಗೆ ಅವಳು ಒಂಬತ್ತು ವರ್ಷ ನಕ್ಕಳು.

ಗುಡಿಸುವವಳು ಗೈಡ್ ಆದದ್ದು ಅಲ್ಲಿದ್ದ ಗೈಡಿನ ಮಂಡಿ ಕೈಕೊಟ್ಟಿದ್ದರಿಂದ. ಆತ ಓದಿದವನು. ಕಟ್ಟಿದ ವರ್ಷ, ಎತ್ತರ, ಕಲ್ಲು ತಂದ ಕಡೆ, ಗಾಜಿನ ತೂಕ, ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಓದುತ್ತಿದ್ದ. ಅರವತ್ತನೇ ಮೆಟ್ಟಿಲಿಗೆ ಜನ ಆಕಳಿಸುತ್ತಿದ್ದರು. ಅವನ ಜಾಗಕ್ಕೆ ಇನ್ನೊಬ್ಬರು ಸಿಗುವ ತನಕ ನೀನೇ ಹತ್ತಿಸು ಎಂದು ಮ್ಯಾನೇಜರು ಮೆಟ್ಟಿಲಕ್ಕನಿಗೆ ಹಾಳೆ ಕೊಟ್ಟರು. ಅವಳು ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಮತ್ತೆ ಬಿಚ್ಚಲಿಲ್ಲ.

ಆರು ವರ್ಷ ಪೊರಕೆ ಹಿಡಿದು ಮೂಲೆಯಲ್ಲಿ ನಿಂತು ನೋಡಿದ್ದಕ್ಕೆ ಅವಳಿಗೆ ಒಂದು ಗುಟ್ಟು ತಿಳಿದಿತ್ತು. ಮೇಲೆ ಹತ್ತುವ ಜನಕ್ಕೆ ಇತಿಹಾಸ ಬೇಡ, ಉಸಿರು ಬೇಕು. ನಿಂತು ಏದುಸಿರು ಬಿಡಲು ನಾಚಿಕೆ. ಯಾರಾದರೂ ಕಥೆ ಹೇಳಲು ನಿಲ್ಲಿಸಿದರೆ ಮರ್ಯಾದೆಯಿಂದ ಸುಧಾರಿಸಿಕೊಳ್ಳಬಹುದು. ಸ್ತಂಭದೊಳಗೆ ಮೆಟ್ಟಿಲ ನಡುನಡುವೆ ನಾಲ್ಕು ಕಡೆ ನಿಲ್ಲಲು ಜಾಗವಿತ್ತು. ಅವಳು ಅವಕ್ಕೆ ಸ್ಟಾಪು ಎಂದು ಹೆಸರಿಟ್ಟು, ಸ್ಟಾಪಿಗೊಂದು ಕಥೆ ಕಟ್ಟಿದಳು. ಹುಡುಗ ಹುಡುಗಿಯರು ಬಂದರೆ ಕಥೆ ಗಿಡ್ಡ. ಮದುವೆಯಾಗಿ ಹತ್ತು ವರ್ಷ ಕಳೆದವರು ಬಂದರೆ ಉದ್ದ. ಹೊಟ್ಟೆ ಬಂದ ದೊಡ್ಡ ಮನುಷ್ಯರು ಬಂದರೆ ಕಥೆಯೊಳಗೆ ಒಂದು ಉಪಕಥೆ.

ಮೂರನೇ ಸ್ಟಾಪಿನದು ಅವಳ ದೊಡ್ಡ ಕಥೆ. ಅಲ್ಲಿ ಗೋಡೆಗೆ ಒಂದು ಹಳೇ ಸರಪಳಿ ನೇತುಹಾಕಿದ್ದರು. ಹಿಂದೆ ಮೇಲಿನ ದೀಪದ ಗಾಜು ಗಡಿಯಾರದಂಥ ಒಂದು ಯಂತ್ರದಿಂದ ತಿರುಗುತ್ತಿತ್ತು. ಈ ಸರಪಳಿಗೆ ಕಟ್ಟಿದ ಗುಂಡು ಮೆಲ್ಲಮೆಲ್ಲಗೆ ಕೆಳಗಿಳಿಯುತ್ತ ಯಂತ್ರವನ್ನು ಎಳೆಯುತ್ತಿತ್ತು. ಸರಪಳಿಯ ಒಂದು ಕೊಂಡಿ ಮಾತ್ರ ಬೇರೆ ಥರ, ತುಂಡಾದದ್ದನ್ನು ಬೆಸೆದದ್ದು. ಒಂದು ರಾತ್ರಿ ಬಿರುಗಾಳಿಯಲ್ಲಿ ಕಿತ್ತುಹೋಗಿತ್ತು ಎಂದು ಮಾವ ಯಾವಾಗಲೋ ಒಂದು ಮಾತು ಅಂದಿದ್ದರು. ಮಾವ ಅಷ್ಟೇ ಅಂದದ್ದು, ಉಳಿದದ್ದು ಸೊಸೆಯ ಕೈಗುಣ. ಅವಳ ಬಾಯಲ್ಲಿ ಆ ರಾತ್ರಿ ಮಾವ ಹೆಗಲು ಕೊಟ್ಟು ದೀಪದ ಗಾಜನ್ನು ಬೆಳಗಿನ ತನಕ ತಿರುಗಿಸಿದರು, ದಾರಿ ತಪ್ಪಿ ಬಂಡೆಯ ಕಡೆ ಬರುತ್ತಿದ್ದ ಒಂದು ಹಡಗನ್ನು ಉಳಿಸಿದರು. ಮೊದಲ ವರ್ಷ ಹಡಗಿನಲ್ಲಿ ನಲವತ್ತು ಜನರಿದ್ದರು. ಕೇಳಿದವರ ಕಣ್ಣು ಅರಳುವುದನ್ನು ನೋಡಿ ತೊಂಬತ್ತಾದರು. ಮೂರನೇ ವರ್ಷಕ್ಕೆ ಇನ್ನೂರು, ಅದರಲ್ಲಿ ಒಬ್ಬಳು ತುಂಬು ಬಸುರಿ. ಹೆತ್ತ ಮಗುವಿಗೆ ಆಕೆ ಮಾವನ ಹೆಸರಿಟ್ಟಳು ಎನ್ನುವಲ್ಲಿ ಮೆಟ್ಟಿಲಕ್ಕ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಅಷ್ಟು ಹೊತ್ತಿಗೆ ಎಂಥ ದಪ್ಪ ಮನುಷ್ಯನಿಗೂ ಉಸಿರು ಹದಕ್ಕೆ ಬಂದಿರುತ್ತಿತ್ತು.

ನಿಜವಾದ ಮಾವ ಮಿತಭಾಷಿ, ನಿದ್ದೆ ಅಂದರೆ ಪ್ರಾಣ. ಕೂತಲ್ಲೇ ಕಣ್ಣು ಮುಚ್ಚುವವರು. ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಅವರು ಎದ್ದು ಬಂದು ಸುಳ್ಳು ಅನ್ನುವ ಹಾಗಿರಲಿಲ್ಲ.

ಕಥೆಗೆ ಕುತ್ತು ಬಂದದ್ದು ಮ್ಯಾನೇಜರಿಂದ. ಈ ಮನುಷ್ಯನಿಗೆ ಬೋರ್ಡಿನ ಹುಚ್ಚು. ಗೋಡೆ ಖಾಲಿ ಕಂಡರೆ ಕೈ ಕಡಿಯುತ್ತಿತ್ತು. ಕುಡಿಯುವ ನೀರಿನ ನಲ್ಲಿಯ ಮೇಲೆ 'ಕುಡಿಯುವ ನೀರು', ಅದರ ಕೆಳಗೆ 'ಇದು ಕುಡಿಯುವ ನೀರು' ಎಂದು ಎರಡು ಬೋರ್ಡು ಹಾಕಿಸಿದವರು. ಸ್ತಂಭಕ್ಕೆ ನೂರೈವತ್ತು ವರ್ಷ ತುಂಬುವ ಸಮಾರಂಭ ಹತ್ತಿರ ಬಂದಾಗ, ಬಂದವರೆಲ್ಲ ಅನಿಸಿಕೆ ಬರೆಯುವ ಪುಸ್ತಕದಲ್ಲಿ ಇನ್ನೂರು ಜನರ ಕಥೆಯನ್ನೇ ಹೊಗಳಿ ಬರೆದದ್ದನ್ನು ನೋಡಿ, ಅವರು ಯಾರನ್ನೂ ಕೇಳದೆ ಅದನ್ನು ಕಪ್ಪು ಕಲ್ಲಿನಲ್ಲಿ ಕೆತ್ತಿಸಿಬಿಟ್ಟರು. ಆಮೇಲೆ ಮೆಟ್ಟಿಲಕ್ಕನನ್ನು ಕರೆದು, ಕಲ್ಲಿನ ಮೇಲಿನ ಪರದೆ ಸರಿಸಲು ನಿಮ್ಮ ಅತ್ತೆಯವರೇ ಬರಬೇಕು ಎಂದರು.

ಬೇರೆ ಯಾರನ್ನು ಕರೆದಿದ್ದರೂ ಮೆಟ್ಟಿಲಕ್ಕ ಒಪ್ಪುತ್ತಿದ್ದಳು.

ಅವಳ ಅತ್ತೆಗೆ ಎಂಬತ್ತೆರಡು. ಸುಳ್ಳು ಹೇಳುವುದಿರಲಿ, ಪಕ್ಕದಲ್ಲಿ ಯಾರಾದರೂ ಹೇಳಿದರೂ ಅವರಿಗೆ ತಡೆಯುತ್ತಿರಲಿಲ್ಲ. ಹೆಣ್ಣು ನೋಡಲು ಬಂದ ದಿನ, ಹುಡುಗ ಬಂಗಾರ ಎಂದು ದಲ್ಲಾಳಿ ಹೊಗಳುತ್ತಿರುವಾಗ ನಡುವೆ ಬಾಯಿ ಹಾಕಿ, "ಗೊರಕೆ ಹೊಡೀತಾನೆ, ಈಗಲೇ ಹೇಳಿಬಿಡ್ತೀನಿ" ಅಂದವರು. ಅಂಥವರು ಕಲ್ಲಿನ ಮೇಲೆ ಕೆತ್ತಿದ ಇನ್ನೂರು ಜನರನ್ನು ಬಿಡುತ್ತಾರೆಯೇ?

ಅವಳು ಎರಡೂ ಕಡೆ ಕಲ್ಲು ಹಾಕಲು ನೋಡಿದಳು. ಅತ್ತೆಗೆ ಕಿವಿ ಕೇಳಿಸುವುದಿಲ್ಲ, ಜನ ಕಂಡರೆ ಗಾಬರಿಯಾಗುತ್ತಾರೆ ಎಂದು ಮ್ಯಾನೇಜರಿಗೆ ಹೇಳಿದಳು. ಬಿಸಿಲಲ್ಲಿ ಮೂರು ತಾಸು ಭಾಷಣ ಕೇಳಬೇಕಾಗುತ್ತದೆ, ಕುರ್ಚಿ ಬೇರೆ ಕಬ್ಬಿಣದ್ದು ಎಂದು ಅತ್ತೆಗೆ ಹೇಳಿದಳು. ಅತ್ತೆ ಹಾಗಾದರೆ ಬೇಡ ಬಿಡು ಅಂದದ್ದರಿಂದ ಸ್ವಲ್ಪ ಉಸಿರಾಡಿದಳು. ಆದರೆ ಮ್ಯಾನೇಜರು ತಾವೇ ಕರೆಯಲು ಮನೆಗೆ ಬಂದರು. ಕಿವುಡರೆಂದು ತಿಳಿದು, ಬಾಗಿಲಲ್ಲೇ ನಿಂತು ಇನ್ನೂರು ಜನರ ಕಥೆಯನ್ನು ಪೂರ್ತಿಯಾಗಿ, ಬೀದಿಗೆಲ್ಲ ಕೇಳಿಸುವಂತೆ ಕೂಗಿ ಹೇಳಿದರು. ಬಸುರಿಯನ್ನೂ ಬಿಡಲಿಲ್ಲ.

ಅತ್ತೆ ಕಣ್ಣು ಮಿಟುಕಿಸದೆ ಕೇಳಿದರು. ಕೇಳಿ ಮುಗಿದ ಮೇಲೆ ಸೊಸೆಯ ಕಡೆ ಒಂದು ಸಲ ನೋಡಿದರು.

"ಹೌದಾ?" ಅಂದರು. ಮತ್ತೆ ಮ್ಯಾನೇಜರ ಕಡೆ ತಿರುಗಿ, "ಬರ್ತೀನಪ್ಪಾ. ಇನ್ನೊಂದು ಸಲ ಬಂದ್ರೆ ಮೆಲ್ಲಗೆ ಮಾತಾಡು, ನಂಗೆ ಕಿವಿ ಚೆನ್ನಾಗೇ ಕೇಳಿಸುತ್ತೆ" ಅಂದರು.

ಅದಾದ ಮೇಲೆ ನಾಲ್ಕು ದಿನ ಅವರು ಆ ವಿಷಯವೇ ಎತ್ತಲಿಲ್ಲ. ಕೆಟಲಿನ ಮಾತೂ ಬಂದ್. ಬೈದಿದ್ದರೆ ಸೊಸೆ ನೆಮ್ಮದಿಯಿಂದ ಉಣ್ಣುತ್ತಿದ್ದಳು. ಗಂಡನಿಗೆ ಹೇಳಿಕೊಂಡರೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ಅವನು ಹ್ಞೂಂ ಅಂದ, ಅಷ್ಟೇ. ಅಪ್ಪ ಇನ್ನೂರು ಜನರನ್ನು ಉಳಿಸಿದ ಕಥೆಯನ್ನು ಅವನು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡಿದ್ದ. ಕಟ್ಟಿದವಳು ತನ್ನ ಹೆಂಡತಿಯೇ ಎಂದು ಗೊತ್ತಿದ್ದೂ ಅರ್ಧ ನಂಬಿದ್ದ.

ಸಮಾರಂಭದ ದಿನ ಅತ್ತೆ ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟರು. ಭಾಷಣಕ್ಕೆ ಇನ್ನೂ ಹೊತ್ತಿತ್ತು. ಹಳೇ ಮನೆ ನೋಡುತ್ತೇನೆ ಎಂದು ನೇರ ವಸ್ತುಸಂಗ್ರಹಾಲಯಕ್ಕೆ ನುಗ್ಗಿದರು. ಅಡಿಗೆಕೋಣೆಯ ಮುಂದೆ ಹತ್ತು ಹದಿನೈದು ಪ್ರವಾಸಿಗರು ಫೋಟೋ ತೆಗೆಯುತ್ತಿದ್ದರು. ಅತ್ತೆ ಹಗ್ಗ ಎತ್ತಿ, ಬಗ್ಗಿ, ಒಳಗೆ ಹೋದರು. ಕಾವಲಿನವನು ಓಡಿ ಬಂದು, ಅಜ್ಜಿ, ಮುಟ್ಟಬಾರದು, ಇಲ್ಲಿ ಬೋರ್ಡಿದೆ ಎಂದ. ಬೋರ್ಡು ಹಾಕಿದವನು ಒಲೆ ಉರಿಸಿದ್ದನೇನು ಎಂದು ಕೇಳುತ್ತ ಅವರು ಸೌಟನ್ನು ಎಡಗಡೆಯಿಂದ ಬಲಗಡೆಗೆ ನೇತುಹಾಕಿದರು, ಡಬ್ಬಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಟ್ಟರು. 'ದೀಪಪಾಲಕರ ಪತ್ನಿಯ ಹೊಲಿಗೆ ಪೆಟ್ಟಿಗೆ' ಎಂದು ಚೀಟಿ ಅಂಟಿಸಿದ್ದನ್ನು ಎತ್ತಿ ನೋಡಿ, ಇದು ಯಾರದೋ ಏನೋ, ನಂದಲ್ಲ ಎಂದು ಕಿಟಕಿಯಲ್ಲಿಟ್ಟರು. ಪ್ರವಾಸಿಗರು ಇದೂ ಟಿಕೆಟ್ಟಿನೊಳಗೇ ಸೇರಿದ ಪ್ರದರ್ಶನವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಆಗ ಅತ್ತೆಗೆ ಒಲೆಯ ಮೇಲಿನ ನೀಲಿ ಕೆಟಲು ಕಂಡಿತು. ಎತ್ತಿಕೊಂಡು ತಳ ತಿರುಗಿಸಿ ನೋಡಿದರು.

"ಇದು ಎಲ್ಲಿತ್ತು?"

"ಅಟ್ಟದ ಮೇಲೆ, ಅತ್ತೆ" ಎಂದಳು ಸೊಸೆ. ಎಷ್ಟೋ ವರ್ಷದಿಂದ ಈ ಗಳಿಗೆಗೆ ಒಳ್ಳೊಳ್ಳೆ ಮಾತು ಕೂಡಿಟ್ಟಿದ್ದಳು, ಒಂದೂ ಬಾಯಿಗೆ ಬರಲಿಲ್ಲ.

"ನಿಂಗೆ ಗೊತ್ತಿತ್ತಾ?"

"ಒಂಬತ್ತು ವರ್ಷದಿಂದ."

ಅತ್ತೆ ಕೆಟಲನ್ನು ಕಂಕುಳಲ್ಲಿ ಇಟ್ಟುಕೊಂಡರು. ಇಬ್ಬರ ತಪ್ಪೂ ಕಣ್ಣೆದುರಿಗೇ ಇತ್ತು, ಯಾರು ಮೊದಲು ಬೈಯಬೇಕೆಂದು ಇಬ್ಬರಿಗೂ ತೋಚಲಿಲ್ಲ. ಕೊನೆಗೆ ಅತ್ತೆಯೇ, ನಡಿ, ಮೇಲೆ ಹತ್ತೋಣ ಎಂದರು.

ಮ್ಯಾನೇಜರು ಬೇಡ ಎಂದರು, ಮಗ ಬೇಡ ಎಂದ. ಅತ್ತೆ ಆಗಲೇ ಏಳನೇ ಮೆಟ್ಟಿಲಿನಲ್ಲಿದ್ದರು. ಹಿಂದೆ ಸೊಸೆ, ಅವಳ ಹಿಂದೆ ಮಗ, ಮ್ಯಾನೇಜರು, ದೀಪಸ್ತಂಭಗಳ ಬಗ್ಗೆ ಪುಸ್ತಕ ಬರೆದು ಅತಿಥಿಯಾಗಿ ಬಂದಿದ್ದ ಒಬ್ಬ ಪ್ರೊಫೆಸರು, ಅವರ ಹಿಂದೆ ಪ್ರವಾಸಿಗರ ಸಾಲು. ಪ್ರತಿ ಸ್ಟಾಪಿನಲ್ಲೂ ಅತ್ತೆ ಗೋಡೆಗೆ ಕೈ ಊರಿ ನಿಂತು, ಹೇಳು ನಿನ್ನ ಕಥೆ ಎನ್ನುತ್ತಿದ್ದರು. ಅವರಿಗೂ ಉಸಿರು ಬೇಕಿತ್ತು. ಮೆಟ್ಟಿಲಕ್ಕ ಒಂದು ಮತ್ತು ಎರಡನೇ ಸ್ಟಾಪಿನ ಕಥೆಗಳನ್ನು ಪಾಠ ಒಪ್ಪಿಸುವ ಮಗುವಿನ ಹಾಗೆ ಹೇಳಿ ಮುಗಿಸಿದಳು. ಮೂರನೆಯದರಲ್ಲಿ ಸರಪಳಿಯ ಮುಂದೆ ನಿಂತಾಗ ಇನ್ನೂರು ಎನ್ನಲು ಹೋಗಿ ನಲವತ್ತು ಎಂದಳು. ಹಿಂದಿನಿಂದ ಮ್ಯಾನೇಜರು ಇನ್ನೂರು, ಇನ್ನೂರು ಎಂದು ತಿದ್ದಿದರು. ಬಸುರಿಯನ್ನು ಅವಳು ಹಡಗು ಹತ್ತಿಸಲೇ ಇಲ್ಲ.

"ಆಯ್ತಾ?" ಎಂದರು ಅತ್ತೆ. "ಈಗ ನಾನು ಹೇಳ್ತೀನಿ. ಸರಪಳಿ ಕಿತ್ತದ್ದು ನಿಜ. ಗಾಳಿ ಮಳೆ ನಿಜ. ಆದ್ರೆ ತಿರುಗಿಸಿದ್ದು ಅವರಲ್ಲ, ನಾನು."

ಪ್ರವಾಸಿಗರು ಕೆಳಗಿನ ಮೆಟ್ಟಿಲುಗಳಿಂದ ಕತ್ತು ಚಾಚಿದರು.

ಆ ದಿನ ಯಜಮಾನರಿಗೆ ಕೆಮ್ಮು ಜೋರಾಗಿತ್ತು, ಔಷಧಿ ಕುಡಿದಿದ್ದರು, ಅದರ ಮಂಪರು, ಮೊದಲೇ ನಿದ್ದೆಯ ಮನುಷ್ಯ. ಸರಪಳಿ ಕಿತ್ತ ಸದ್ದಿಗೆ ಎಚ್ಚರವಾದದ್ದು ಹೆಂಡತಿಗೆ. ಕಿಟಕಿಯಿಂದ ನೋಡಿದರೆ ದೀಪ ಉರಿಯುತ್ತಿದೆ, ಆದರೆ ತಿರುಗುತ್ತಿಲ್ಲ. ನಿಂತ ದೀಪ ನೋಡಿದರೆ ಹಡಗಿನವರು ಇದು ಬೇರೆ ಯಾವುದೋ ಊರು ಅಂದುಕೊಳ್ಳುತ್ತಾರೆ. ಗಂಡನನ್ನು ಅಲುಗಾಡಿಸಿದರು, ನೀರು ಚಿಮುಕಿಸಿದರು, ಅವರು ಮಗ್ಗುಲು ಬದಲಾಯಿಸಿದರು. ಇವರು ಮೇಲೆ ಹತ್ತಿ, ಗಾಜಿನ ಚೌಕಟ್ಟಿಗೆ ಎರಡೂ ಕೈ ಕೊಟ್ಟು ತಳ್ಳತೊಡಗಿದರು. ಒಂದರಿಂದ ಮೂವತ್ತು ಎಣಿಸುವುದರೊಳಗೆ ಒಂದು ಸುತ್ತು ಮುಗಿಯಬೇಕು. ಮೂವತ್ತರ ಆಚೆ ಎಣಿಸಲು ಹೋದರೆ ಲೆಕ್ಕ ತಪ್ಪುತ್ತದೆಂದು ರಾತ್ರಿಯಿಡೀ ಮೂವತ್ತಕ್ಕೇ ನಿಂತರು. ಮೇಲಿನ ದೀಪದ ಕೋಣೆಗೆ ಹೆಂಗಸರು ಕಾಲಿಡಬಾರದೆಂದು ಕಾನೂನಿತ್ತು. ಗೊತ್ತಾಗಿದ್ದರೆ ಗಂಡನ ಕೆಲಸ ಹೋಗುತ್ತಿತ್ತು. ಅದಕ್ಕೇ ಬಾಯಿ ಬಿಡಲಿಲ್ಲ. ಆಮೇಲೆ ಯಾರೂ ಕೇಳಲೂ ಇಲ್ಲ.

"ಮತ್ತೆ ಆ ಹಡಗು?" ಎಂದರು ಮ್ಯಾನೇಜರು. ಅವರ ದನಿ ಸಣ್ಣದಾಗಿತ್ತು.

"ಯಾವ ಹಡಗು? ಒಂದು ದೋಣಿ ಕೂಡ ಬರಲಿಲ್ಲ."

"ಹಡಗೇ ಇಲ್ದೆ ಇಡೀ ರಾತ್ರಿ ತಿರುಗಿಸಿದ್ರಾ?"

"ಬರಲ್ಲ ಅಂತ ನಂಗೆ ಹೆಂಗಪ್ಪಾ ಗೊತ್ತಾಗಬೇಕು?" ಎಂದರು ಅತ್ತೆ.

ಪ್ರೊಫೆಸರು ಕನ್ನಡಕ ಸರಿಮಾಡಿಕೊಂಡು, ಇದಕ್ಕೆ ಆಧಾರವೇನಾದರೂ ಉಂಟೇ ಎಂದು ವಿನಯದಿಂದಲೇ ಕೇಳಿದರು. ದಿನಚರಿಯಲ್ಲಿ ಆ ರಾತ್ರಿಯ ಬರಹವಿದೆ, ಅದನ್ನು ತಾವು ಪುಸ್ತಕದಲ್ಲಿ ಅಚ್ಚು ಹಾಕಿದ್ದೇವೆ, ಅದು ದೀಪಪಾಲಕರದೇ ಎಂದರು. ಅವರು ಅದನ್ನು ಬಾಯಿಪಾಠ ಒಪ್ಪಿಸಿದರು: "ಗಾಲಿ ಜೋರು. ದೀಪ ಸರಿ ಇದೆ. ಹಡಗು ಇಲ್ಲ." ಇಲ್ಲಿ ಗಾಲಿ ಎಂದರೆ ಗಾಜಿನ ಕೆಳಗಿನ ಚಕ್ರಗಳು, ಅವು ಬಿಗಿಯಾಗಿ ತಿರುಗಿಸಲು ಜೋರು ಬೇಕಾಯಿತು ಎಂದು ಅರ್ಥ, ಈ ಪದದ ಮೇಲೆ ತಾವು ಹನ್ನೆರಡು ಪುಟ ಬರೆದಿದ್ದೇವೆ ಎಂದೂ ಸೇರಿಸಿದರು.

ಮೆಟ್ಟಿಲಕ್ಕನ ಬಾಯಿಂದ ಕಿಸಕ್ಕನೆ ನಗು ಹೊರಬಿತ್ತು. ಅವಳು ಸೆರಗಿನ ಗಂಟಿನಿಂದ ಒಂದು ಚೀಟಿ ತೆಗೆದು ಪ್ರೊಫೆಸರ ಕೈಗಿಟ್ಟಳು. ಸಂಜೆ ಅಂಗಡಿಯಿಂದ ತರಲು ಅತ್ತೆ ಬರೆದುಕೊಟ್ಟ ಸಾಮಾನಿನ ಪಟ್ಟಿ. 'ಬೆಲ್ಲುಲ್ಲಿ ಅರ್ಧ ಕೆಜಿ. ಬಾಲೆಹಣ್ಣು ಆರು. ತೆಲು ಸೂಜಿ ಒಂದು.' ಅತ್ತೆ ಜನ್ಮದಲ್ಲಿ ಳ ಬರೆದವರಲ್ಲ. ಅದರ ಬಾಲ ಯಾವ ಕಡೆ ತಿರುಗಬೇಕೆಂದು ನೆನಪಾಗದೆ, ಶಾಲೆ ಬಿಟ್ಟ ದಿನವೇ ಅದನ್ನೂ ಬಿಟ್ಟಿದ್ದರು.

ಪ್ರೊಫೆಸರು ಚೀಟಿಯನ್ನು ಎರಡು ಸಲ ಓದಿದರು. ಅವರ ಹನ್ನೆರಡು ಪುಟ ಆ ಮೂರನೇ ಸ್ಟಾಪಿನಲ್ಲೇ ಗಾಳಿಗೆ ಹೋಯಿತು. ಒಳ್ಳೆ ಮನುಷ್ಯ, ಮೊದಲು ನಕ್ಕವರು ಅವರೇ. ಆಮೇಲೆ ಅತ್ತೆಗೆ ಕೈ ಮುಗಿದು, ಆ ಚೀಟಿ ತಮಗೆ ಕೊಡಬಹುದೇ ಎಂದು ಕೇಳಿದರು. ಬೆಳ್ಳುಳ್ಳಿ ತಂದಾದ ಮೇಲೆ ತಗೊಳ್ಳಿ ಎಂದರು ಅತ್ತೆ.

ಉಳಿದದ್ದು ಕಲ್ಲು. ಕೆಳಗೆ ಪರದೆಯ ಮುಂದೆ ನಿಂತು ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತಿದ್ದರು. ಮೆಟ್ಟಿಲಕ್ಕ ಅವರ ಹತ್ತಿರ ಹೋಗಿ, ಹಡಗು, ಇನ್ನೂರು ಜನ, ಬಸುರಿ, ಎಲ್ಲ ನಾನೇ ಕಟ್ಟಿದ್ದು ಸಾರ್, ಬೇಕಾದರೆ ನಾಳೆಯಿಂದ ಪೊರಕೆಗೇ ಹೋಗುತ್ತೇನೆ ಎಂದಳು. ಮ್ಯಾನೇಜರು ಬೈಯಲು ಬಾಯಿ ತೆರೆದರು, ಅಷ್ಟರಲ್ಲಿ ಅತ್ತೆ ಯಾರ ಅಪ್ಪಣೆಗೂ ಕಾಯದೆ ಪರದೆ ಎಳೆದು, ಕಲ್ಲನ್ನು ಗಟ್ಟಿಯಾಗಿ ಓದತೊಡಗಿದ್ದರು. 'ಬಿರುಗಾಳಿಯ ಆ ರಾತ್ರಿ ಈ ದೀಪವನ್ನು ಕಾದವರು ತಮ್ಮ ಕೈಯಾರೆ ಅದನ್ನು ಬೆಳಗಿನವರೆಗೆ ತಿರುಗಿಸಿದರು.' ಅತ್ತೆ ನಿಂತರು. ಇದು ಸರಿ ಇದೆ, ಗಂಡಸೂ ಅಂದಿಲ್ಲ ಹೆಂಗಸೂ ಅಂದಿಲ್ಲ ಎಂದರು. ಎರಡನೇ ಸಾಲು ಇನ್ನೂರು ಜನರದು. ಅದನ್ನು ಓದಲಿಲ್ಲ, ಬೆರಳಿಟ್ಟು ತೋರಿಸಿ, "ಇದನ್ನ ತೆಗೆಸು" ಎಂದರು.

ಮುಂದಿನ ವಾರ ಕಲ್ಲುಕುಟಿಗ ಬಂದು ಎರಡನೇ ಸಾಲನ್ನು ಉಳಿಯಿಂದ ಕೆತ್ತಿ ತೆಗೆದ. ಅಲ್ಲಿ ಒರಟು ಪಟ್ಟಿಯೊಂದು ಉಳಿಯಿತು. ಅದನ್ನು ಏನಾದರೂ ಬೋರ್ಡು ಹಾಕಿ ಮುಚ್ಚೋಣವೇ ಎಂದು ಮ್ಯಾನೇಜರು ಎರಡು ತಿಂಗಳು ಯೋಚಿಸಿ, ಯಾಕೋ ಧೈರ್ಯ ಸಾಲದೆ ಬಿಟ್ಟರು. ಬಂದವರೆಲ್ಲ ಮೊದಲು ಕೇಳುವುದು ಇಲ್ಲೇನಿತ್ತು ಎಂದೇ. ಮೆಟ್ಟಿಲಕ್ಕನನ್ನು ಪೊರಕೆಗೆ ಕಳಿಸಲೂ ಇಲ್ಲ. ಬೇರೆ ಯಾರೂ ಆ ಕೆಲಸಕ್ಕೆ ಅರ್ಜಿ ಹಾಕಿರಲಿಲ್ಲ. ಅವಳು ಮೂರನೇ ಸ್ಟಾಪಿನಲ್ಲಿ ಈಗ ನಡೆದದ್ದನ್ನೇ ಹೇಳುತ್ತಾಳೆ. ತೊಂದರೆಯೇನೆಂದರೆ ನಿಜ ತೀರಾ ಗಿಡ್ಡ, ದಪ್ಪ ಮನುಷ್ಯರಿಗೆ ಉಸಿರು ಬರುವುದರೊಳಗೆ ಮುಗಿದುಹೋಗುತ್ತದೆ. ಅದಕ್ಕೆ ಅಲ್ಲೊಂದು ಬೆಂಚು ಹಾಕಿಸಿಕೊಂಡಿದ್ದಾಳೆ. ಕೆಟಲನ್ನು ಅತ್ತೆ ಆ ದಿನವೇ ಮನೆಗೆ ಒಯ್ದರು, ಯಾರೂ ತಡೆಯಲಿಲ್ಲ. ಅದರ ತಳ ಸೋರುತ್ತಿತ್ತು. ಅದಕ್ಕೇ ಅಟ್ಟಕ್ಕೆ ಹಾಕಿದ್ದೆ ಎಂದು ಅವರಿಗೆ ಆಗ ನೆನಪಾಯಿತು.

ಸಮಾರಂಭ ಮುಗಿದ ಆ ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಮಗನ ಮುಖ ಊದಿಕೊಂಡಿತ್ತು. ಅಪ್ಪ ನಿದ್ದೆ ಹೊಡೆಯುತ್ತಿದ್ದರು ಎಂದು ಊರಿಗೆಲ್ಲ ಸಾರಿದ್ದು ಅವನಿಗೆ ನುಂಗಲಾಗಿರಲಿಲ್ಲ. ಎರಡು ತುತ್ತು ತಿಂದು ಕೇಳಿದ.

"ಬೆಳಿಗ್ಗೆ ಎದ್ದ ಮೇಲೆ ಅಪ್ಪ ಏನಂದ್ರು?"

"ಏನೂ ಅನ್ನಲಿಲ್ಲ" ಎಂದರು ತಾಯಿ. "ಮೇಲೆ ಬಂದ್ರು, ನನ್ನ ನೋಡಿದ್ರು, ಪುಸ್ತಕ ತೆಗೆದು ನಾನು ಬರೆದದ್ದರ ಕೆಳಗೆ ಸಹಿ ಹಾಕಿದ್ರು. ನಂಗೆ ತೋಳು ಎತ್ತೋಕಾಗ್ತಿರಲಿಲ್ಲ. ಹದಿನೈದು ದಿನ ಬಾವಿಯಿಂದ ನೀರು ಅವರೇ ಸೇದಿದ್ರು. ಪಾತ್ರೆನೂ ತೊಳೆದ್ರು. ಯಾಕೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ."

ಉಂಡಾದ ಮೇಲೆ ಮಗ ತನ್ನ ತಟ್ಟೆ ಎತ್ತಿಕೊಂಡ, ಸ್ವಲ್ಪ ಯೋಚಿಸಿ ಅಮ್ಮನ ತಟ್ಟೆ, ಹೆಂಡತಿಯ ತಟ್ಟೆಗಳನ್ನೂ ಎತ್ತಿಕೊಂಡು ಹಿತ್ತಲಿಗೆ ಹೋದ. ನಲ್ಲಿ ಬಿಟ್ಟ ಸದ್ದು ಕೇಳಿಸಿತು, ಆಮೇಲೆ ಏನೋ ಬಿದ್ದ ಸದ್ದು.

"ಇವತ್ತೊಂದು ದಿನ ಅಷ್ಟೇ, ನೋಡ್ತಿರು" ಎಂದರು ಅತ್ತೆ ಸೊಸೆಯ ಕಡೆ ಬಗ್ಗಿ, ಮೆಲ್ಲಗೆ.

ಅತ್ತೆ ಹೇಳಿದ್ದು ತಪ್ಪಾಯಿತು. ಅವನು ನಾಲ್ಕು ದಿನ ತೊಳೆದ.